ನಲವತ್ತೊಂದನೆಯ ಪುಟ

“ಬರ್ತಾ ಒಂದು ಕಾದಂಬರಿ ತನ್ನಿ,” ಎಂದಳು ಹೆಂಡತಿ. ಅವನು ಬಾಗಿಲ ಬಳಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳುತ್ತಿದ್ದ. “ನಾಳೆ ಆಸ್ಪತ್ರೇಲಿ ನಾಲ್ಕು ಗಂಟೆ ಕೂರಬೇಕಲ್ಲ. ಒಳ್ಳೇದು ಬೇಡ. ಖುಷಿಗೆ ಓದೋಂಥದ್ದು ತನ್ನಿ.”

ಹೂಂ ಎಂದು ಹೊರಟುಬಿಟ್ಟ. ಬೀದಿಯ ತಿರುವು ದಾಟಿದ ಮೇಲೆ ಆ ಮಾತು ಚಪ್ಪಲಿಯೊಳಗೆ ಸೇರಿಕೊಂಡ ಹರಳಿನ ಹಾಗೆ ಚುಚ್ಚತೊಡಗಿತು. ಒಳ್ಳೇದು ಬೇಡ. ಮೂವತ್ತೊಂದು ವರ್ಷದಿಂದ ಊರಿನ ಗ್ರಂಥಾಲಯವನ್ನು ನಡೆಸಿಕೊಂಡು ಬಂದ ಗ್ರಂಥಪಾಲನಿಗೆ ಅವನ ಹೆಂಡತಿಯೇ ಹೀಗೆ ಹೇಳುವುದೆಂದರೆ ಏನು? ಊರಿಗೆ ಊರೇ ಅವನು ಆರಿಸಿದ್ದನ್ನು ಓದಿದೆ. ಕೌಂಟರಿನ ಮುಂದೆ ನಿಂತವರ ಮುಖ ನೋಡಿ, ಇವರಿಗೆ ಇದು ಎಂದು ಎತ್ತಿಕೊಡುವುದರಲ್ಲಿ ಅವನದು ಪಳಗಿದ ಕೈ. ಅಂಚೆಯವನಿಗೆ ಒಂದು, ದಂತವೈದ್ಯರಿಗೆ ಒಂದು, ಗಂಡ ಸತ್ತ ಮೇಲೆ ಮಾತೇ ಬಿಟ್ಟಿದ್ದ ಬೇಕರಿಯ ಹೆಂಗಸಿಗೆ ಒಂದು. ಅವರೆಲ್ಲ ತಿರುಗಿ ಬಂದು ಕೈ ಮುಗಿದಿದ್ದಾರೆ. ಆದರೆ ಹೆಂಡತಿಗೆ ಖುಷಿ ಕೊಡುವುದು ಯಾವುದು ಎಂದು ಯೋಚಿಸಿದರೆ ತಲೆ ಖಾಲಿ. ಹೋದ ವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅವನನ್ನು ಗೋಡೆಯ ಕಡೆ ಕರೆದು, “ಇನ್ಮೇಲೆ ಅವರಿಗೆ ಏನಿಷ್ಟವೋ ಅದು ಮಾಡ್ಲಿ ಬಿಡಿ. ತಡೀಬೇಡಿ,” ಎಂದಿದ್ದರು. ಆ ಮಾತಿನ ಅರ್ಥ ಅವನಿಗೆ ತಕ್ಷಣ ಆಗಿತ್ತು. ಅದಕ್ಕಿಂತ ಹೆಚ್ಚು ಕಂಗೆಡಿಸಿದ್ದು, ಅವಳಿಗೆ ಏನಿಷ್ಟ ಎಂದು ಡಾಕ್ಟರು ತಿರುಗಿ ಕೇಳಿದ್ದರೆ ತನ್ನ ಬಳಿ ಉತ್ತರವಿರಲಿಲ್ಲ ಎನ್ನುವುದು. ಚಹಾಕ್ಕೆ ಸಕ್ಕರೆ ಕಡಿಮೆ, ಫ್ಯಾನು ಎರಡರಲ್ಲಿ, ಮಂಚದಲ್ಲಿ ಗೋಡೆ ಬದಿ. ಇಷ್ಟು ಗೊತ್ತು. ಪುಸ್ತಕದ ವಿಷಯದಲ್ಲಿ ಅವಳು ಹೇಳುತ್ತಿದ್ದುದು ಯಾವಾಗಲೂ ಒಂದೇ ಮಾತು, ಚೆನ್ನಾಗಿತ್ತು.

ಮದುವೆಯಾದ ಮೊದಲ ವರ್ಷ ಹೀಗಿರಲಿಲ್ಲ. ಶಾಲೆಯಲ್ಲಿ ಹೊಲಿಗೆ ಹೇಳಿಕೊಡುವ ಟೀಚರು ಅವಳು, ಸಂಜೆ ಬಂದವಳೇ ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಿಸಿ ಕೂತು, ಮುಖಪುಟದಲ್ಲಿ ಕಣ್ಣೀರಿಡುವ ಹೆಣ್ಣಿನ ಚಿತ್ರವಿರುವಂಥ ಕಾದಂಬರಿಯೊಳಗೆ ಮುಳುಗಿದರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಒಂದು ದಿನ ಅವನ ಇಬ್ಬರು ಗೆಳೆಯರು ಮನೆಗೆ ಬಂದಿದ್ದರು. ಓದಿಕೊಂಡವರು, ಮಾತಿಗೊಮ್ಮೆ ಹುಬ್ಬೇರಿಸುವವರು. ಅವನಿಗೆ ಅವರ ಮುಂದೆ ಏನು ಹೊಕ್ಕಿತೋ, ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡು, ನಾಟಕದವರ ಧಾಟಿಯಲ್ಲಿ ಎಳೆದೆಳೆದು ಒಂದು ಪುಟ ಓದಿದ. ಪ್ರಿಯತಮ ರೈಲು ಹತ್ತುವ ಪುಟ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ಅದನ್ನು ಅವನು ಎಷ್ಟೋ ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಳ್ಳಲು ಬಳಸಿದ್ದಾನೆ, ಅವಳೂ ನಕ್ಕಳಲ್ಲ ಎಂದು. ನಗುತ್ತಲೇ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ನೀರು ಕುದಿದು ಬತ್ತುವಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಮಾರನೆಯ ದಿನ ಆ ಕಾದಂಬರಿಯನ್ನು ಅವನೇ ಗ್ರಂಥಾಲಯಕ್ಕೆ ಹಿಂತಿರುಗಿಸಿ, ಪುಸ್ತಕ ಆಯ್ಕೆ ಮಂಡಳಿಯವರು ಮೆಚ್ಚಿದ್ದ ಇನ್ನೊಂದನ್ನು ತಂದು ಅವಳ ಮುಂದಿಟ್ಟ. “ಇದನ್ನ ಓದು. ರುಚಿ ಬೆಳೆಸ್ಕೋಬೇಕು,” ಎಂದ. ಅಂದಿನಿಂದ ಹದಿನಾಲ್ಕು ದಿನಕ್ಕೊಂದರಂತೆ ಅವನು ತಂದಿದ್ದನ್ನೇ ಅವಳು ಓದಿದಳು. ಓದಿ, ಚೆನ್ನಾಗಿತ್ತು ಎಂದು ವಾಪಸು ಕೊಟ್ಟಳು. ಅವಳ ರುಚಿ ಬೆಳೆದಿದೆ ಎಂದು ಅವನು ನಾಲ್ಕು ಜನರ ಮುಂದೆ ಹೇಳಿಯೂ ಇದ್ದಾನೆ.

ಗ್ರಂಥಾಲಯದಲ್ಲಿ ಆಗಲೇ ಉದ್ದನೆಯ ಮೇಜಿನ ಮೇಲೆ ಪುಸ್ತಕಗಳನ್ನು ಪೇರಿಸಿಟ್ಟಿದ್ದರು. ದಿನವೂ ಮೊದಲು ಬಂದು ಕೊನೆಗೆ ಹೋಗುವ ಪೇಪರ್ ತಾತ ತನ್ನ ಮೂಲೆಯಲ್ಲಿ ಪತ್ರಿಕೆಯನ್ನು ಮುಖದ ತುಂಬ ಹಿಡಿದು ಕೂತಿದ್ದ. ಸಹಾಯಕಿ, ಎಲ್ಲದಕ್ಕೂ ಪಟ್ಟಿ ಮಾಡುವವಳಾದ್ದರಿಂದ ಎಲ್ಲರ ಬಾಯಲ್ಲೂ ಪಟ್ಟಿ ಮೇಡಂ, ಕಡತ ಹಿಡಿದು ಅವನಿಗಾಗಿ ಕಾಯುತ್ತಿದ್ದಳು. ಅವತ್ತು ರದ್ದು ಮಾಡುವ ದಿನ. ಜಾಗ ಸಾಲದು, ಹರಿದ ಪುಸ್ತಕಗಳನ್ನು ವಿಲೇವಾರಿ ಮಾಡಿ ಎಂದು ಮೇಲಿನ ಆಫೀಸಿನಿಂದ ಬಂದ ಆದೇಶವನ್ನು ಅವನು ಬಹಳ ದಿನದಿಂದ ಕಾದಿದ್ದವನಂತೆ ಸ್ವಾಗತಿಸಿದ್ದ. ಹಳೆಯ ಕೋಣೆಯ ಅಳುಬುರುಕ ಕಾದಂಬರಿಗಳೆಲ್ಲ ಹರಿದವೇ. ಬೆನ್ನು ಬಿಟ್ಟವು, ಮೂಲೆ ಮಡಿಚಿದವು, ಎಣ್ಣೆಗೈ ಕಂಡವು. ಓದಿ ಓದಿ ಹಾಗಾಗಿದ್ದವು. ಒಳ್ಳೆಯ ಕಾದಂಬರಿಗಳು ಗಾಜಿನ ಬೀರುವಿನಲ್ಲಿ ಅಂಗಡಿಯಿಂದ ಬಂದ ದಿನದ ಹಾಗೇ ನಿಂತಿದ್ದವು. ಇದು ಆಗ ಅವನಿಗೆ ವಿಚಿತ್ರವೆನಿಸಿರಲಿಲ್ಲ. ಮುನ್ನೂರ ಹನ್ನೆರಡು ಪುಸ್ತಕ, ಪಟ್ಟಿಯನ್ನು ಅವನೇ ಮಾಡಿದ್ದ. ನಾಲ್ಕು ಗಂಟೆಗೆ ರದ್ದಿಯವನು ಬರುತ್ತಾನೆ.

ಪ್ರತಿ ಗ್ರಂಥಾಲಯಕ್ಕೂ ಒಂದು ಗುಟ್ಟಿನ ಪುಟ ಇರುತ್ತದೆ. ಕದ್ದವರು ಮೊದಲ ಪುಟ ಹರಿದರೂ ಪುಸ್ತಕ ಯಾರದೆಂದು ತಿಳಿಯಲಿ ಎಂದು ನಡುವೆ ಯಾವುದೋ ಒಂದು ಪುಟದ ಕೆಳಗೆ ಮೊಹರು ಒತ್ತಿರುತ್ತಾರೆ. ಯಾವ ಪುಟವೆಂದು ಸಿಬ್ಬಂದಿಗೆ ಮಾತ್ರ ಗೊತ್ತು. ಇಲ್ಲಿ ಅದು ನಲವತ್ತೊಂದು. ಪುಸ್ತಕ ರದ್ದಾಗಬೇಕಾದರೆ ಆ ಮೊಹರಿನ ಮೇಲೆ ಕೆಂಪು ಮಸಿಯಲ್ಲಿ ಇನ್ನೊಂದು ಮೊಹರು ಬೀಳಬೇಕು, ಅದನ್ನು ಗ್ರಂಥಪಾಲನೇ ಒತ್ತಬೇಕು. ಅವನು ಅಂಗಿಯ ತೋಳು ಮಡಿಸಿ ಕೂತ. ತೆರೆ, ನಲವತ್ತೊಂದು, ಒತ್ತು, ಮುಚ್ಚು. ಕೆಲಸದಲ್ಲಿ ಒಂದು ಹಿತವಿತ್ತು. ಖುಷಿಗೆ ಓದೋಂಥದ್ದು ಎಂದರೆ ಯಾವುದು ಎಂದು ಅದೇ ಯೋಚನೆ ಒಳಗೆ ಸುತ್ತುತ್ತಿತ್ತು. ಪ್ರವಾಸದ್ದು ಕೊಡಲೇ? ಹಾಸ್ಯದ್ದು? ನಾಲ್ಕು ಗಂಟೆ ಹೊತ್ತು, ತೋಳಿನಲ್ಲಿ ಸೂಜಿ, ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ರೋಗಿಯ ವಾಂತಿ. ಅಲ್ಲಿ ನಗಿಸುವಂಥ ಕಾದಂಬರಿ ಯಾವುದಾದರೂ ಲೋಕದಲ್ಲಿದೆಯೇ? ಹದಿನಾರನೆಯದೋ ಹದಿನೇಳನೆಯದೋ ಪುಸ್ತಕದಲ್ಲಿ, ಮೊಹರಿನ ಕೆಳಗೆ, ಪೆನ್ಸಿಲಿನಲ್ಲಿ ಎಳೆದ ಮೂರು ಪುಟ್ಟ ಗೀಟು ಕಂಡವು. ಒಂದರ ಪಕ್ಕ ಒಂದು, ಸಮವಾಗಿ. ಯಾರೋ ಓದುಗರ ಗುರುತು, ಓದಿದ್ದನ್ನೇ ಮತ್ತೆ ಒಯ್ಯದಿರಲು ಹೀಗೆ ಮಾಡುವವರಿದ್ದಾರೆ. ಒತ್ತಿ ಪಕ್ಕಕ್ಕಿಟ್ಟ. ಮುಂದಿನದರಲ್ಲೂ ಮೂರು ಗೀಟು. ಅದರ ಮುಂದಿನದರಲ್ಲೂ. ಗುಟ್ಟಿನ ಪುಟದಲ್ಲೇ ಹೇಗೆ ಎಂದು ಯಾರೋ ಕೇಳಿದಂತಾಗಿ ಕೈ ನಿಂತಿತು.

ಆ ಗೀಟುಗಳನ್ನು ಅವನು ನೋಡಿದ್ದ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಮಾತ್ರೆ ಡಬ್ಬಿಯ ಮುಚ್ಚಳದ ಮೇಲೆ, ಉದ್ದ ತಗ್ಗಿಸುವ ಮೊದಲು ಅವನದೇ ಪ್ಯಾಂಟಿನ ಕಾಲಿನ ಒಳಮಡಿಕೆಯಲ್ಲಿ. ಬಟ್ಟೆಯ ಮೇಲೆ ಗುರುತು ಹಾಕಿ ಹಾಕಿ ಪಳಗಿದ ಕೈಯ ಗೀಟು. ಹೊಲಿಗೆ ಬಿದ್ದ ಹಾಗೆ. ನಲವತ್ತೊಂದು ಎನ್ನುವುದನ್ನು ಮನೆಯವರಿಗೂ ಹೇಳಬಾರದೆಂದು ನಿಯಮ. ಮದುವೆಯಾದ ಎರಡನೆಯ ವಾರ, ಮಾತಾಡಲು ಬೇರೆ ಏನೂ ತೋಚದೆ, ಅವನು ಅದನ್ನು ಅವಳ ಕಿವಿಯಲ್ಲಿ ಹೇಳಿದ್ದ. “ಇಷ್ಟೇನಾ ನಿಮ್ಮ ಗುಟ್ಟು?” ಎಂದು ಅವಳು ದಿಂಬಿಗೆ ಮುಖ ಒತ್ತಿ ನಕ್ಕಿದ್ದಳು. ಮೇಜಿನ ಮೇಲಿನ ಪೇರಿಯಿಂದ ಕೈಗೆ ಬಂದಂತೆ ಎಳೆದ, ತೆರೆದ. ಇತ್ತು. ಇತ್ತು. ಇದರಲ್ಲಿಲ್ಲ. ಇತ್ತು. ಅವನು ಅವಳ ಕೈಗೆ ಒಂದನ್ನೂ ಸೋಕಗೊಟ್ಟಿರಲಿಲ್ಲವಲ್ಲ, ಈ ಕೋಣೆಯ ಪುಸ್ತಕಗಳನ್ನು?

“ಇದೇನಿದು?” ಎಂದು ಪಟ್ಟಿ ಮೇಡಂ ಮುಂದೆ ಒಂದು ಪುಸ್ತಕ ಹಿಡಿದ.

ಅವಳು ಕನ್ನಡಕ ಏರಿಸಿ ನೋಡಿದಳು. ನೋಡುವ ಅಗತ್ಯವೇನೂ ಇರಲಿಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು. “ಮೇಡಮ್ಮೋರದು ಸರ್,” ಎಂದಳು. “ನನ್ನ ಕಾರ್ಡಲ್ಲೇ ಒಯ್ತಾ ಇದ್ರು. ಗುರುವಾರ, ನೀವು ಮೀಟಿಂಗಿಗೆ ಹೋದಾಗ.”

“ಎಷ್ಟು ವರ್ಷದಿಂದ?”

“ನಾನು ಸೇರ್ಕೊಂಡಾಗಿಂದ. ಇಪ್ಪತ್ತೆರಡು ವರ್ಷ ಆಯ್ತಲ್ಲ. ಅದಕ್ಕೂ ಮುಂಚೆ ಹಳೇ ಮೇಡಂ ಕಾರ್ಡಲ್ಲಿ.” ಕಡತ ಮುಚ್ಚಿ ಹೇಳಿದಳು, “ನಿಮಗೆ ಗೊತ್ತಿರುತ್ತೆ, ಗೊತ್ತಿಲ್ಲದ ಹಾಗೆ ಇರ್ತೀರ ಅಂದ್ಕೊಂಡಿದ್ದೆ ಸರ್. ಈಗ ಓಡಾಡೋಕೆ ಆಗಲ್ಲ ಅಂತ ನಾನೇ ಮನೆಗೆ ಕೊಟ್ಟು ಬರ್ತಿದ್ದೆ.”

ಮೂಲೆಯಲ್ಲಿ ಪತ್ರಿಕೆ ಅಲುಗಲಿಲ್ಲ. ಪೇಪರ್ ತಾತ ಪುಟ ತಿರುಗಿಸುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಬಾಗಿಲ ಬಳಿ ಮುದಿ ಅಟೆಂಡರ್ ಗೋಣಿದಾರವನ್ನು ಸುಮ್ಮನೆ ಸುತ್ತುತ್ತ, ಬಿಚ್ಚುತ್ತ ಇದ್ದ. ಇವರಿಗೆಲ್ಲ ಗೊತ್ತಿತ್ತು. ಪ್ರತಿ ಗುರುವಾರ ಅವನು ಬ್ಯಾಗು ಹಿಡಿದು ಮೆಟ್ಟಿಲಿಳಿದ ಅರ್ಧ ಗಂಟೆಗೆ ಅವಳು ಮೆಟ್ಟಿಲು ಹತ್ತಿದ್ದಾಳೆ, ಇವರ ಜೊತೆ ನಕ್ಕಿದ್ದಾಳೆ, ಮುಂದಿನ ಭಾಗ ಬಂತಾ ಎಂದು ವಿಚಾರಿಸಿದ್ದಾಳೆ. ಶುಕ್ರವಾರ ಬೆಳಿಗ್ಗೆ ಅವನು ಬಂದು ಇದೇ ಕುರ್ಚಿಯಲ್ಲಿ ಕೂತು ಇವರಿಗೆ ಒಳ್ಳೆಯ ಸಾಹಿತ್ಯದ ಬಗ್ಗೆ ಹೇಳಿದ್ದಾನೆ. ಇವರು ಹೌದು ಸರ್ ಎಂದಿದ್ದಾರೆ. ಎದ್ದು ಗಾಜಿನ ಬೀರುವಿನ ಬಳಿ ಹೋದ. ಅವಳಿಗಾಗಿ ಆರಿಸಿ ಆರಿಸಿ ಒಯ್ದಿದ್ದ ಕಾದಂಬರಿಗಳು ಸಾಲಾಗಿ ನಿಂತಿದ್ದವು. ಒಂದನ್ನು ತೆಗೆದು ನಲವತ್ತೊಂದಕ್ಕೆ ಬಂದ. ಮೊಹರು ಮಾತ್ರ ಇತ್ತು. ಇನ್ನೊಂದರಲ್ಲಿ ಪುಟಗಳೇ ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಿದರೆ ಸರಕ್ಕೆಂದವು. ಹದಿನಾಲ್ಕು ದಿನ ಇದು ಅವಳ ಮಂಚದ ಪಕ್ಕದಲ್ಲಿತ್ತು. ಮೂವತ್ತು, ನಲವತ್ತು ಪುಸ್ತಕ ನೋಡಿರಬಹುದು. ಒಂದೇ ಒಂದರಲ್ಲಿ ಮೂರು ಗೀಟು ಸಿಕ್ಕಿದವು. ಹಾಗಾದರೆ ಇದೊಂದು ಹಿಡಿಸಿತ್ತು ಅವಳಿಗೆ. ಏನಿತ್ತು ಇದರಲ್ಲಿ? ಅವನು ಬೆನ್ನುಡಿ ಓದಿದ, ಮೊದಲ ಪುಟ ಓದಿದ, ನಡುವೆ ಎಲ್ಲೋ ಓದಿದ. ಯಾವ ವಾಕ್ಯವೂ ನೆನಪಿನಿಂದ ಎದ್ದು ಬರಲಿಲ್ಲ. ನೆನಪಾಗಲು ಅವನು ಅದನ್ನು ಓದಿರಲೇ ಇಲ್ಲ. ಮಂಡಳಿಯ ಶಿಫಾರಸು ನೋಡಿ ತರಿಸಿದ್ದು. ಈ ಬೀರುವಿನಲ್ಲಿ ಅವನು ನಿಜವಾಗಿ ಕೊನೆಯ ಪುಟದವರೆಗೆ ಓದಿದ್ದು ಎಷ್ಟು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟ. ತಾನು ಕೊನೆಯ ಸಲ ಒಂದು ಕಾದಂಬರಿಯನ್ನು ಸುಮ್ಮನೆ, ಯಾರಿಗೂ ಹೇಳಲಿಕ್ಕಲ್ಲದೆ, ಓದಿದ್ದು ಯಾವಾಗ?

ಊಟದ ಡಬ್ಬಿ ಬಿಚ್ಚಲಿಲ್ಲ. ಮಧ್ಯಾಹ್ನವೆಲ್ಲ ಗುರುತಿಲ್ಲದ ಪುಸ್ತಕಗಳನ್ನು ಬೇರೆ ಮಾಡುತ್ತ ಕೂತ. ಅವಳು ಓದಿರದ ಒಂದನ್ನು, ಅವಳು ಓದುವ ಜಾತಿಯದೇ ಒಂದನ್ನು ಒಯ್ದರೆ ಸರಿಹೋಗುತ್ತದೆ ಎಂದು ತೋರಿತ್ತು. ಇಪ್ಪತ್ತೊಂಬತ್ತು ಸಿಕ್ಕಿದವು. ಒಂದೊಂದರ ಮೊದಲ ಪುಟ ಓದಿ ನೋಡಿದ. ಒಂದರಲ್ಲಿ ನಾಯಕಿ ಬಸ್ಸು ತಪ್ಪಿಸಿಕೊಳ್ಳುತ್ತಾಳೆ, ಒಂದರಲ್ಲಿ ನಾಯಕಿ ಪರೀಕ್ಷೆಯಲ್ಲಿ ಮೊದಲಿಗಳಾಗುತ್ತಾಳೆ, ಒಂದರಲ್ಲಿ ಯಾರಿಗೋ ಕ್ಷಯ. ಕ್ಷಯದ್ದನ್ನು ದೂರ ತಳ್ಳಿದ. ಅವನ ಕಣ್ಣು ಪ್ರತಿ ವಾಕ್ಯದಲ್ಲೂ ಹುಳುಕನ್ನೇ ಹುಡುಕುತ್ತಿತ್ತು, ಒಳಗೆ ಯಾರೋ ಮೂಗು ಮುರಿಯುತ್ತಲೇ ಇದ್ದರು; ಅಕ್ಕಿಯಲ್ಲಿ ಕಲ್ಲು ಆರಿಸುವವನಿಗೆ ಅಕ್ಕಿ ಕಾಣದ ಹಾಗೆ. ಯಾವುದು ಒಳ್ಳೆಯದಲ್ಲ ಎಂದು ಅವನು ಒಂದೇ ನೋಟಕ್ಕೆ ಹೇಳಬಲ್ಲ. ಯಾವುದು ಖುಷಿ ಎಂದು ಹೇಗೆ ಹೇಳುವುದು? ಕೊನೆಗೆ ನಾಚಿಕೆ ಬಿಟ್ಟು ಪಟ್ಟಿ ಮೇಡಮ್ಮನ್ನೇ ಕೇಳಿದ.

“ಮನೆಗೆ ಒಂದು ಬೇಕಿತ್ತು. ಯಾವುದು ಕೊಡೋಣ?”

“ಓದಿರೋದೇ ಕೊಡಿ ಸರ್,” ಎಂದಳು ಅವಳು, ಇಷ್ಟೂ ತಿಳಿಯದೇ ಎನ್ನುವಂತೆ. “ಹುಷಾರಿಲ್ದಾಗ ಯಾರಾದ್ರೂ ಹೊಸ ಜನದ ಜೊತೆ ಏಗ್ತಾರಾ? ಪರಿಚಯದವರೇ ಬೇಕು.” ಆಮೇಲೆ ಪಟ್ಟಿಯನ್ನು ನೋಡುತ್ತಲೇ ಅಂದಳು, “ಮೊನ್ನೆ ಫೋನಲ್ಲಿ ಹೇಳಿದ್ದೆ ಅವರಿಗೆ, ಎಲ್ಲ ಹೋಗ್ತಾ ಇದೆ ಅಂತ. ನಾನೇ ಅವರನ್ನ ಕೇಳಿ ನೋಡ್ತೀನಿ ಅಂದ್ರು.”

ನಾನೇ ಅವರನ್ನ ಕೇಳಿ ನೋಡ್ತೀನಿ. ಚಪ್ಪಲಿ ಬಿಗಿಯುತ್ತಿದ್ದವನ ಬೆನ್ನಿಗೆ ಅವಳು ಕೇಳಿದ್ದು ಇದನ್ನೇ. ಮುನ್ನೂರ ಹನ್ನೆರಡನ್ನೂ ಉಳಿಸಿ ಎಂದು ಬಾಯಿಬಿಟ್ಟು ಕೇಳಲು ಅವಳಿಗೆ ಈ ಮನೆಯಲ್ಲಿ ಯಾವ ದಾರಿಯಿತ್ತು? ಒಂದು ಕಾದಂಬರಿ ತನ್ನಿ ಎಂದಳು, ಅದೂ ಒಳ್ಳೆಯದಲ್ಲದ್ದು. ಆ ದಾರಿ ಹಿಡಿದು ಅವನು ಇಲ್ಲಿಯವರೆಗೆ ಬರುತ್ತಾನೋ ಇಲ್ಲವೋ ಎಂದು ಈಗ ಮಂಚದ ಗೋಡೆ ಬದಿಗೆ ಮಲಗಿ ಯೋಚಿಸುತ್ತಿರಬಹುದು. ಅವನು ಮತ್ತೆ ಗುರುತಿರುವ ಪೇರಿಗೇ ಕೈ ಹಾಕಿದ. ಒಂದರಲ್ಲಿ ಮೂರು ಗೀಟು ಒಂದರ ಕೆಳಗೊಂದು ಏಳು ಸಾಲಿದ್ದವು. ಏಳು ಸಲ ಓದಿದ್ದಾಳೆ. ಮೇಲಿನ ಸಾಲು ಮಾಸಿ ಹೋಗಿತ್ತು, ಕೊನೆಯದು ಹೊಸದು, ಗೀಟುಗಳು ನಡುಗಿದ್ದವು. ಬೆನ್ನು ಕಿತ್ತು ದಾರ ಕಾಣುತ್ತಿದ್ದ ಸಣ್ಣ ಪುಸ್ತಕ; ಮುಖಪುಟದಲ್ಲಿ ಛತ್ರಿ ಹಿಡಿದು ನಿಂತ ಹುಡುಗಿ.

ಹೊರಗೆ ಗಾಡಿ ನಿಂತ ಸದ್ದಾಯಿತು. ರದ್ದಿಯವನು ತಕ್ಕಡಿ ಹೊತ್ತು ಒಳಗೆ ಬಂದ. ಆಗ ಅವನು ಬೇಡ ಅನ್ನಬಹುದಿತ್ತು. ಮೇಲಿನ ಆಫೀಸಿಗೆ ಒಂದು ಕಾಗದ ಬರೆದರೆ ಆಗುತ್ತಿತ್ತು: ಪಟ್ಟಿ ಪರಿಷ್ಕರಿಸಬೇಕಾಗಿದೆ. ಇದನ್ನು ಅವನು ಮುಂದೆ ಎಷ್ಟೋ ಸಲ ನೆನೆಯಲಿದ್ದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಪಟ್ಟಿ ಮೇಡಂ, ಅಟೆಂಡರ್, ಪತ್ರಿಕೆಯ ಅಂಚಿನ ಮೇಲಿಂದ ತಾತ. ಅವರ ಕಣ್ಣಲ್ಲಿದ್ದ ನಿರೀಕ್ಷೆಯೇ ಅವನನ್ನು ಕೆರಳಿಸಿತು. ಹೆಂಡತಿಗೋಸ್ಕರ ಸಾಹೇಬರು ಮೆತ್ತಗಾದರು ಎಂದು ನಾಳೆ ಇವರು ಚಹಾ ಕುಡಿಯುತ್ತ ಮಾತಾಡುವುದು, ಇಷ್ಟು ವರ್ಷ ಬೆಪ್ಪಾದದ್ದು ಸಾಲದೆ ಈಗ ಅವರ ದಯೆಗೂ ಪಾತ್ರನಾಗುವುದು. ಇಷ್ಟು ವರ್ಷ ಚೆನ್ನಾಗಿತ್ತು, ಚೆನ್ನಾಗಿತ್ತು ಎಂದು ಬಾಯಿತುಂಬ ಸುಳ್ಳು ಹೇಳಿದವಳು. “ತೂಕ ಹಾಕ್ರಿ,” ಎಂದ. ಉಳಿದವಕ್ಕೂ ಕೆಂಪು ಮೊಹರು ಬಡಿಬಡಿದು ಒತ್ತಿ, ಗೇಟ್ ಪಾಸಿಗೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿದ. ಅಟೆಂಡರ್ ಕಟ್ಟುಗಳನ್ನು ಹೊತ್ತು ಹೊತ್ತು ಹಾಕಿದ. ಛತ್ರಿಯ ಹುಡುಗಿಯನ್ನು ಮಾತ್ರ ಅವನು ಯಾರೂ ನೋಡದಾಗ ಊಟದ ಚೀಲಕ್ಕೆ ತುರುಕಿದ. ರದ್ದಾದ ಪುಸ್ತಕವನ್ನು ಸಿಬ್ಬಂದಿ ಒಯ್ಯುವ ಹಾಗಿಲ್ಲ. ತಲೆ ಎತ್ತಿದರೆ ಅಟೆಂಡರ್ ನೋಡಿದ್ದ. ನೋಡಿ, ದಾಕ್ಷಿಣ್ಯಕ್ಕೆ, ಗೋಡೆಯ ಕಡೆ ತಿರುಗಿಕೊಂಡ. ಗಾಡಿ ಹೊರಟ ಮೇಲೆ ಪಟ್ಟಿ ಮೇಡಂ ಮೇಜಿನ ಧೂಳು ಒರೆಸಿದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವಳು ಎದ್ದು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ತಲೆಗೆ ಬಟ್ಟೆ ಸುತ್ತಿಕೊಂಡು. ಹೊಲಿಗೆ ಯಂತ್ರದ ಮೇಲೆ ಹೊದಿಸಿದ ಬಟ್ಟೆ ತಿಂಗಳುಗಟ್ಟಲೆ ಸರಿದಿರಲಿಲ್ಲ. ಬಾಗಿಲು ತೆರೆದ ಸದ್ದಿಗೆ ಅವಳ ಕಣ್ಣು ಮೊದಲು ಹೋದದ್ದು ಅವನ ಕೈಯ ಚೀಲಕ್ಕೆ, ಆಮೇಲೆ ಅವನ ಬೆನ್ನ ಹಿಂದೆ, ಮೆಟ್ಟಿಲಿನ ಕಡೆಗೆ. ಇನ್ನೂ ಯಾರೋ ಏನನ್ನೋ ಹೊತ್ತು ತರುತ್ತಿರಬಹುದೇನೋ ಎನ್ನುವಂತೆ. ಅವನು ಪುಸ್ತಕ ತೆಗೆದು ಅವಳ ಮಡಿಲಲ್ಲಿಟ್ಟ. ಅವಳು ಮುಖಪುಟದ ಮೇಲೆ ಅಂಗೈ ಸವರಿದಳು. ನಲವತ್ತೊಂದನೆಯ ಪುಟವನ್ನು ತೆರೆದು ಕೆಂಪು ಮಸಿಯನ್ನು ನೋಡಿದಳು. ಮಸಿ ಅವಳ ಗೀಟುಗಳ ಮೇಲೂ ಹರಡಿತ್ತು.

“ನೋಡಿದ್ರಾ?” ಎಂದಳು.

“ನೋಡ್ದೆ.”

“ಉಳಿದದ್ದು?”

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಿದ್ದವು, ಆದೇಶ, ಜಾಗ, ಹರಿದದ್ದು. “ಹೋಯ್ತು,” ಎಂದ.

“ನೋಡೋಕೆ ಮುಂಚೆ ಕಳಿಸಿದ್ರೋ, ನೋಡಿದ ಮೇಲೋ?”

ಸುಳ್ಳು ಹೇಳಬಹುದಿತ್ತು. ಅವಳು ಅದನ್ನು ನಂಬುತ್ತಿದ್ದಳೋ ಇಲ್ಲವೋ, ನಂಬಿದ ಹಾಗೆ ಇರುತ್ತಿದ್ದಳು. ಆ ವಿದ್ಯೆ ಅವಳಿಗೆ ಚೆನ್ನಾಗಿ ಬರುತ್ತಿತ್ತು. “ನೋಡಿದ ಮೇಲೆ,” ಎಂದ. ಹೇಳಿ, ಅವಳು ಬೈಯಲಿ, ಅಳಲಿ, ಪುಸ್ತಕವನ್ನು ಮುಖಕ್ಕೆ ಎಸೆಯಲಿ ಎಂದು ನಿಜವಾಗಿ ಬಯಸಿದ. ಅವಳು ಹೌದಾ ಎಂದಳು, ಅಂಗಡಿಯಲ್ಲಿ ದಾರ ಮುಗಿದಿದೆ ಎಂದಾಗ ಅನ್ನುವ ಹಾಗೆ. ಕನ್ನಡಕ ಕೇಳಿದಳು. ಅವನು ಓಡಿ ಹೋಗಿ ತಂದುಕೊಟ್ಟ. ಕುರ್ಚಿಯನ್ನು ಬೆಳಕಿಗೆ ಸ್ವಲ್ಪ ತಿರುಗಿಸಿಕೊಂಡು ಮೊದಲ ಪುಟ ತೆರೆದಳು.

ಅವನು ಮಾತ್ರೆ ತಂದ, ನೀರು ತಂದ. ಅವಳು ಪುಟದಿಂದ ಕಣ್ಣೆತ್ತದೆ ನುಂಗಿ ಲೋಟ ವಾಪಸು ಕೊಟ್ಟಳು. ಅವನು ಲೋಟ ಹಿಡಿದುಕೊಂಡೇ ಎದುರಿನ ಸ್ಟೂಲಿನ ಮೇಲೆ ಕೂತ. ತಾನು ಆ ಪುಸ್ತಕದ ಕಥೆ ಏನೆಂದು ಕೇಳಬೇಕು, ಮೊದಲಿನಿಂದ ಹೇಳು ಎನ್ನಬೇಕು, ಅಥವಾ ಅವಳು ಮುಗಿಸಿದ ಮೇಲೆ ತಾನೂ ಓದಬೇಕು, ಓದಿ ಅವಳ ಜೊತೆ ಮಾತಾಡಬೇಕು. ಅಷ್ಟು ದಿನಗಳು ಉಳಿದಿವೆಯೇ? ಅವಳ ತುಟಿ ಅಲುಗುತ್ತಿತ್ತು, ಬಾಯಿಪಾಠ ಬಂದವರ ಹಾಗೆ, ಮುಂದಿನ ಮಾತು ಬರುವ ಮೊದಲೇ ಅದಕ್ಕೆ ಅಣಿಯಾಗುತ್ತಿತ್ತು. ಕೆನ್ನೆಯ ಮೂಳೆಯ ಮೇಲೆ ಬಿಗಿದಿದ್ದ ಚರ್ಮ ಸಡಿಲವಾಯಿತು. ಇದ್ದಕ್ಕಿದ್ದಂತೆ ಅವಳು ನಕ್ಕಳು. ಆರು ತಿಂಗಳಿಂದ ಆ ಮನೆಯಲ್ಲಿ ಕೇಳದಿದ್ದ ನಗು, ಗಂಟಲ ಒಳಗಿನಿಂದ, ಭುಜ ಕುಣಿಸುವಂಥದ್ದು.

“ಏನು? ಏನಾಯ್ತಲ್ಲಿ?” ಎಂದು ಅವನು ಮುಂದಕ್ಕೆ ಬಗ್ಗಿದ. ಅವನ ಮುಖದಲ್ಲೂ ನಗು ಬಂದು ನಿಂತಿತ್ತು, ಕರೆದರೆ ಒಳಗೆ ಬರಲು.

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಕೋಪವಿರಲಿಲ್ಲ. ಇವನು ಇಲ್ಲೇ ಇದ್ದನಲ್ಲ ಎಂದು ನೆನಪಿಸಿಕೊಂಡವರ ಮುಖ ಅದು.

“ಏನಿಲ್ಲ,” ಎಂದಳು. “ನೀವು ಊಟ ಮಾಡಿ, ಹೋಗಿ.”

ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಿದಳು.